ನ್ಯಾರೋಬೋಟಿನ ಬಿಲ್ಜ್‌ನಲ್ಲಿ ನೀರು: ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಹಚ್ಚುವುದು ಹೇಗೆ?

ದೋಣಿಯ ಹಿಂಭಾಗದ ಹಲಗೆ ಎತ್ತಿ ಟಾರ್ಚ್ ಬಿಟ್ಟಾಗ ಎಂಜಿನ್ ಕೆಳಗಿನ ಬಿಲ್ಜ್‌ನಲ್ಲಿ, ಅಂದರೆ ದೋಣಿಯ ತಳದ ತಗ್ಗಿನಲ್ಲಿ, ನೀರು ಮಿನುಗಿದರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತದೆ. ಆಗ ಹೆಚ್ಚಿನವರು ಸ್ಪ್ಯಾನರ್ ತಂದು ಮೊದಲು ಸ್ಟರ್ನ್ ಗ್ಲ್ಯಾಂಡ್ (ಪ್ರೊಪೆಲ್ಲರ್ ಶಾಫ್ಟ್ ಹೊರಗೆ ಹೋಗುವ ಕಡೆ ನೀರು ತಡೆಯುವ ಭಾಗ) ಬಿಗಿ ಮಾಡುತ್ತಾರೆ. ಆಮೇಲೆ ಪಂಪ್ ಹಾಕಿ ನೀರನ್ನೆಲ್ಲ ಹೊರಗೆ ಚೆಲ್ಲಿ, ತಳ ಒರೆಸಿ, ‘ಸದ್ಯ, ಸರಿ ಹೋಯ್ತು’ ಅಂದುಕೊಳ್ಳುತ್ತಾರೆ. ದಯವಿಟ್ಟು ಎರಡನ್ನೂ ಮಾಡಬೇಡಿ. ತಪ್ಪು ಗ್ಲ್ಯಾಂಡಿನದಲ್ಲದಿದ್ದರೆ, ಸುಮ್ನೆ ಬಿಗಿ ಮಾಡಿ ಒಳ್ಳೆಯ ಶಾಫ್ಟ್ ಹಾಳು ಮಾಡಿಕೊಳ್ಳುತ್ತೀರಿ. ನೀರನ್ನು ಸರಿಯಾಗಿ ನೋಡದೆ ಚೆಲ್ಲಿದರೆ, ಅದು ಎಲ್ಲಿಂದ ಬಂತು ಅನ್ನುವ ಸುಳಿವೂ ಅದರ ಜೊತೆಗೇ ಹೋಗುತ್ತದೆ.

ನಾನು ಇಂಗ್ಲೆಂಡಿನ ನಡುಭಾಗದ ಕಾಲುವೆಗಳಲ್ಲಿ ನ್ಯಾರೋಬೋಟ್ ಅನ್ನುವ ಕಿರಿದಾದ ದೋಣಿಯಲ್ಲೇ ವಾಸ ಮಾಡುತ್ತೇನೆ. ಮನೆ ಬಾಡಿಗೆ ಜಾಸ್ತಿಯಾಗಿ ದೋಣಿ ಕೊಳ್ಳುವ ಯೋಚನೆಯಲ್ಲಿರುವ ನಮ್ಮ ಕನ್ನಡದವರು ಒಲೆ, ಶೌಚಾಲಯ, ಇಂಟರ್ನೆಟ್ ಎಲ್ಲದರ ಬಗ್ಗೆ ಕೇಳುತ್ತಾರೆ. ತಳದಲ್ಲಿ ನೀರು ಬಂದರೆ ಏನು ಮಾಡಬೇಕು ಅಂತ ಕೇಳುವವರು ಕಡಿಮೆ. ನಿಜವಾಗಿ ಮೊದಲು ಕಲಿಯಬೇಕಾದ್ದು ಅದನ್ನೇ.

ನೀರು ಈಗಲೇ ಏರುತ್ತಿದ್ದರೆ

ಓದುವುದನ್ನು ನಿಲ್ಲಿಸಿ, ಮೊದಲು ಇಷ್ಟು ಮಾಡಿ. ದೋಣಿ ಓಡುತ್ತಿದ್ದರೆ ತಕ್ಷಣ ಗೇರ್ ತೆಗೆದು ನ್ಯೂಟ್ರಲ್‌ಗೆ ತನ್ನಿ. ಕಾರಣ ಕೆಳಗೆ ಹೇಳುತ್ತೇನೆ. ಆದರೆ ಇದೊಂದೇ ಕೆಲಸದಿಂದ ಎಷ್ಟೋ ಸಲ ನೀರು ನುಗ್ಗುವುದು ಅಲ್ಲೇ ನಿಲ್ಲುತ್ತದೆ. ದೋಣಿಗೆ ಇರುವ ವೇಗದಲ್ಲೇ ದಡಕ್ಕೆ ತಿರುಗಿಸಿ. ಕಾಲುವೆಯ ಅಂಚು ಆಳವಿಲ್ಲದ ಜಾಗ. ಅಲ್ಲಿ ತಳ ನೆಲಕ್ಕೆ ತಾಗಿದರೆ ದೋಣಿ ಪೂರ್ತಿ ಮುಳುಗುವುದಿಲ್ಲ. ಜನರನ್ನು ಕೆಳಗಿಳಿಸಿ, ಹಗ್ಗ ಕಟ್ಟಿ, ಬಿಲ್ಜ್ ಪಂಪ್ ಹಾಕಿ. ವೀಡ್ ಹ್ಯಾಚ್, ಅಂದರೆ ಪ್ರೊಪೆಲ್ಲರ್ ಮೇಲಿನ ಪೆಟ್ಟಿಗೆಯ ಮುಚ್ಚಳ ಸರಿಯಾಗಿ ಕೂತಿದೆಯಾ ನೋಡಿ. ನೀರು ಆಮೇಲೂ ಏರುತ್ತಿದ್ದರೆ ಕಾಲುವೆಗಳನ್ನು ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟ್‌ನ ತುರ್ತು ಸಂಖ್ಯೆಗೆ ಫೋನ್ ಮಾಡಿ. ಆ ಸಂಖ್ಯೆಯನ್ನು ಚುಕ್ಕಾಣಿ ಹಿಡಿಯುವ ಜಾಗದಲ್ಲಿ, ಕಣ್ಣಿಗೆ ಬೀಳುವ ಹಾಗೆ ಈಗಲೇ ಬರೆದು ಅಂಟಿಸಿ.

ಇಲ್ಲಿಂದ ಮುಂದೆ ಹೇಳುವುದೆಲ್ಲ ನಿಧಾನವಾಗಿ ಸೇರುವ ನೀರಿನ ಬಗ್ಗೆ. ದಿನಕ್ಕೆ ಒಂದು ಲೋಟ, ವಾರಕ್ಕೆ ಒಂದು ಬಕೆಟ್, ಆ ಥರದ್ದು.

ಯಾವ ಬಿಲ್ಜ್? ಮೊದಲು ಅದನ್ನು ಗೊತ್ತು ಮಾಡಿಕೊಳ್ಳಿ

ನ್ಯಾರೋಬೋಟ್ ಅಂದರೆ ಸುಮಾರು 6 ಅಡಿ 10 ಇಂಚು ಅಗಲದ ಉದ್ದನೆಯ ಉಕ್ಕಿನ ದೋಣಿ. ಇಲ್ಲಿನ ಕಿರಿದಾದ ಲಾಕ್‌ಗಳ, ಅಂದರೆ ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಗೇಟಿನ ತೊಟ್ಟಿಗಳ, ಅಗಲ 7 ಅಡಿಯ ಆಸುಪಾಸು. ಅದಕ್ಕೇ ಈ ಅಳತೆ. ಈಗಿನ ದೋಣಿಗಳಲ್ಲಿ ತಳದ ತಗಡು ಸಾಮಾನ್ಯವಾಗಿ 10 ಮಿ.ಮೀ., ಪಕ್ಕದ್ದು 6, ಕ್ಯಾಬಿನ್ನಿನದು 4. ತಳ ಮಟ್ಟಸವಾಗಿರುತ್ತದೆ. ಸುಮಾರು ಎರಡು ಅಡಿ ನೀರಿನೊಳಗೆ ಇರುತ್ತದೆ.

ಈ ತಳದಲ್ಲಿ ನೀರು ನಿಲ್ಲುವ ಜಾಗ ಒಂದೇ ಅಲ್ಲ. ಹಿಂಭಾಗದಲ್ಲಿ ಎಂಜಿನ್ ಬಿಲ್ಜ್ ಇದೆ. ಅದರ ಮುಂದೆ ಒಂದು ಉಕ್ಕಿನ ಅಡ್ಡಗೋಡೆ. ಆ ಗೋಡೆಯ ಮುಂದೆ, ನೀವು ಮಲಗುವ, ಅಡುಗೆ ಮಾಡುವ ನೆಲದ ಕೆಳಗೆ, ಕ್ಯಾಬಿನ್ ಬಿಲ್ಜ್. ಬಿಲ್ಜ್ ಪಂಪ್ ಇರುವುದು ಎಂಜಿನ್ ಬಿಲ್ಜ್‌ನಲ್ಲಿ. ಕ್ಯಾಬಿನ್ ಕೆಳಗೆ ಎಷ್ಟೇ ನೀರು ತುಂಬಿದರೂ ಅದು ಈ ಪಂಪಿನ ಹತ್ತಿರ ಬರುವುದಿಲ್ಲ. ಪಂಪ್ ಸುಮ್ಮನಿದೆ, ಹಾಗಾದರೆ ದೋಣಿ ಒಣಗಿದೆ ಅಂತ ನಂಬಿದವರು ನೆಲದ ಪ್ಲೈವುಡ್ ಉಬ್ಬಿದ ಮೇಲೆ ಎಚ್ಚರಾಗುತ್ತಾರೆ.

ಕ್ಯಾಬಿನ್ನಿನ ಹಿಂತುದಿಯಲ್ಲಿ, ಮೆಟ್ಟಿಲಿನ ಹತ್ತಿರ ಅಥವಾ ಕೆಳಗೆ, ಒಂದು ಚಿಕ್ಕ ಮುಚ್ಚಳ ಇರುತ್ತದೆ. ಅದನ್ನು ಎತ್ತಿ ಕೈ ಹಾಕಿ ನೋಡಿ. ಎಂಜಿನ್, ಬ್ಯಾಟರಿ, ಡೀಸೆಲ್ ಟ್ಯಾಂಕ್ ಎಲ್ಲ ಹಿಂದೆ ಇರುವುದರಿಂದ ದೋಣಿ ಹಿಂದಕ್ಕೆ ಸ್ವಲ್ಪ ವಾಲಿರುತ್ತದೆ. ಹಾಗಾಗಿ ಒಳಗೆ ಎಲ್ಲಿ ಸೋರಿದರೂ ನೀರು ಹರಿದು ಸೇರುವುದು ಇಲ್ಲಿಗೇ. ಮುಚ್ಚಳ ಇಲ್ಲದಿದ್ದರೆ ಒಂದು ಮಾಡಿಸಿ. ದೋಣಿ ಕೊಳ್ಳಲು ಹೋದಾಗಲೂ ಮೊದಲು ಎತ್ತಿಸಿ ನೋಡಬೇಕಾದ ಮುಚ್ಚಳ ಇದೇ.

ಚೆಲ್ಲುವ ಮೊದಲು ನೀರನ್ನು ನೋಡಿ

ಒಂದು ಗಾಜಿನ ಬಾಟಲಿಯಲ್ಲಿ ನೀರು ಹಿಡಿದು ಬೆಳಕಿಗೆ ಹಿಡಿಯಿರಿ. ಕೈಗೆ ರಬ್ಬರ್ ಗ್ಲೌಸ್ ಇರಲಿ. ರುಚಿ ನೋಡುವ ಹಳೇ ಚಾಳಿ ಕೆಲವರಿಗೆ ಇದೆ, ಅದು ಖಂಡಿತ ಬೇಡ. ಕಾಲುವೆ ನೀರಿನಲ್ಲಿ ಇಲಿಗಳ ಮೂತ್ರದಿಂದ ಬರುವ ಸೋಂಕು ಇರಬಹುದು. ನಮ್ಮ ಮಲೆನಾಡು, ಕರಾವಳಿಯಲ್ಲಿ ಮಳೆಗಾಲದಲ್ಲಿ ಹೆದರುವ ಇಲಿ ಜ್ವರವೇ ಅದು.

ಮಣ್ಣು ಬಣ್ಣ, ಸಣ್ಣ ಎಲೆಚೂರು, ಕೆಸರಿನ ವಾಸನೆ ಇದ್ದರೆ ಕಾಲುವೆ ನೀರು ಇರಬಹುದು. ನೀಲಿ, ಹಸಿರು ಅಥವಾ ಗುಲಾಬಿ ಛಾಯೆ ಇದ್ದು, ಬೆರಳಿಗೆ ಜಾರುವ ಹಾಗಿದ್ದು, ಸ್ವಲ್ಪ ಸಿಹಿ ವಾಸನೆ ಬಂದರೆ ಅದು ಆಂಟಿಫ್ರೀಜ್ ಬೆರೆತ ಕೂಲೆಂಟ್, ಅಂದರೆ ಎಂಜಿನ್ ತಣಿಸುವ ನೀರು. ಬಾಟಲಿ ಅಲ್ಲಾಡಿಸಿದಾಗ ನೊರೆ ನಿಂತರೆ ಸ್ನಾನದ ನೀರೋ ಪಾತ್ರೆ ತೊಳೆದ ನೀರೋ ಆಗಿರಬಹುದು. ತಿಳಿಯಾಗಿದ್ದು ವಾಸನೆಯೇ ಇಲ್ಲದಿದ್ದರೆ ಮಳೆ, ನಲ್ಲಿ ನೀರು, ಇಲ್ಲವೇ ಆವಿ ತಣಿದು ಆದ ನೀರು. ಈಜುಕೊಳದ ನೀರು ಪರೀಕ್ಷಿಸುವ ಕ್ಲೋರಿನ್ ಪಟ್ಟಿಗಳು ಅಂಗಡಿಯಲ್ಲಿ ಸಿಗುತ್ತವೆ. ಅದ್ದಿದಾಗ ಕ್ಲೋರಿನ್ ತೋರಿಸಿದರೆ ನಲ್ಲಿ ನೀರು ಅಂತ ನಂಬಬಹುದು. ತೋರಿಸದಿದ್ದರೆ ಮಾತ್ರ ಏನೂ ತೀರ್ಮಾನ ಮಾಡಬೇಡಿ, ಯಾಕೆಂದರೆ ನಿಂತ ನೀರಿನಲ್ಲಿ ಕ್ಲೋರಿನ್ ತಾನಾಗಿ ಹೋಗಿಬಿಡುತ್ತದೆ.

ನೀರಿನ ಮೇಲೆ ಎಣ್ಣೆಯ ಕಾಮನಬಿಲ್ಲು ಕಂಡರೆ ಪಂಪ್ ಹಾಕಲೇಬೇಡಿ. ಎಣ್ಣೆ, ಡೀಸೆಲ್ ಕಾಲುವೆಗೆ ಬಿಡುವುದು ಅಪರಾಧ. ಅದಕ್ಕಿಂತ ಮುಖ್ಯವಾಗಿ, ಪಕ್ಕದಲ್ಲೇ ಬಾತುಕೋಳಿ ಮರಿಗಳನ್ನು ಕಟ್ಟಿಕೊಂಡು ಓಡಾಡುವ ನೀರು ಅದು. ಎಣ್ಣೆ ಹೀರುವ ಪ್ಯಾಡ್ ಹಾಸಿ, ಎಣ್ಣೆ ತೆಗೆದು, ಆಮೇಲೆ ನೀರು ತೆಗೆಯಿರಿ.

ಇಷ್ಟಾದ ಮೇಲೆ ಪೂರ್ತಿ ಒಣಗಿಸಿ. ಸ್ಪಂಜಿನಿಂದ ಮೂಲೆ ಮೂಲೆ ಒರೆಸಿ. ಸೋರಿಕೆ ಅನುಮಾನ ಇರುವ ಜಾಗಗಳ ಕೆಳಗೆಲ್ಲ ಒಣ ಕಿಚನ್ ಪೇಪರ್ ಹಾಸಿ. ತಗ್ಗಿನ ಜಾಗದಲ್ಲಿ ಒಂದು ಸ್ಟೀಲ್ ಸ್ಕೇಲ್ ನಿಲ್ಲಿಸಿ. ಆಟೋಮ್ಯಾಟಿಕ್ ಬಿಲ್ಜ್ ಪಂಪ್ ನೀವು ದೋಣಿಯಲ್ಲಿ ಇರುವಷ್ಟು ಹೊತ್ತು ಮಾತ್ರ ಆಫ್ ಮಾಡಿ, ಹೊರಗೆ ಹೋಗುವಾಗ ಮರೆಯದೆ ಆನ್ ಮಾಡಿ. ಈ ಪಂಪ್ ಸೋರಿಕೆಯನ್ನು ಮುಚ್ಚಿಡುತ್ತದೆ. ಫ್ಲೋಟ್ ಎದ್ದಾಗಲೆಲ್ಲ ತನ್ನ ಪಾಡಿಗೆ ನೀರು ಎಸೆಯುತ್ತಾ ಇರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಒಂದು ದಿನ ಬ್ಯಾಟರಿ ಖಾಲಿಯಾಗುತ್ತದೆ. ದೋಣಿ ಮುಳುಗುವುದು ಆಗಲೇ.

ಯಾವಾಗ ಬರುತ್ತದೆ? ಇದೇ ಮುಖ್ಯ ಪ್ರಶ್ನೆ

ಎಲ್ಲಿಂದ ಅಂತ ಹುಡುಕುವ ಮೊದಲು ಯಾವಾಗ ಅಂತ ಹುಡುಕಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಒಂದು ಪುಸ್ತಕದಲ್ಲಿ ಬರೆಯುತ್ತಾ ಹೋಗಿ: ಸ್ಕೇಲ್ ಎಷ್ಟು ತೋರಿಸಿತು, ಎಂಜಿನ್ ಓಡಿತ್ತಾ, ದೋಣಿ ಚಲಿಸಿತ್ತಾ, ಮಳೆ ಬಂತಾ, ನೀರಿನ ಟ್ಯಾಂಕ್ ತುಂಬಿತ್ತಾ ಖಾಲಿಯಿತ್ತಾ, ಹೀಟಿಂಗ್ ಹಾಕಿದ್ದಿರಾ.

ದೋಣಿ ಕಟ್ಟಿ ನಿಂತಿದೆ, ಎಂಜಿನ್ ಆಫ್ ಆಗಿದೆ, ಮಳೆ ಇಲ್ಲ, ನಲ್ಲಿಗಳಿಗೆ ನೀರು ಕೊಡುವ ಪಂಪೂ ಆಫ್. ಆದರೂ ಎಂಜಿನ್ ಬಿಲ್ಜ್‌ನಲ್ಲಿ ನೀರು ಏರುತ್ತಿದೆ. ಅಂದರೆ ಹೆಚ್ಚಾಗಿ ಕಾಲುವೆ ನೀರೇ ಒಳಗೆ ಬರುತ್ತಿದೆ. ನಿಂತಾಗಲೂ ಹನಿಯುವ ಗ್ಲ್ಯಾಂಡ್ ಇರಬಹುದು, ನೀರಿನ ಮಟ್ಟದ ಕೆಳಗೆ ತೂತು ಇರಬಹುದು. ಇದನ್ನು ಮುಂದೂಡಬಾರದು.

ಎಂಜಿನ್ ನ್ಯೂಟ್ರಲ್‌ನಲ್ಲಿ ಒಂದು ಗಂಟೆ ಓಡಿಸಿದಾಗ ಮಾತ್ರ ನೀರು ಬಂದರೆ? ಇಲ್ಲಿ ಎಷ್ಟೋ ಜನ ದಾರಿ ತಪ್ಪುತ್ತಾರೆ. ಎಂಜಿನ್ ಓಡಿತು, ನೀರು ಬಂತು, ಹಾಗಾದರೆ ಗ್ಲ್ಯಾಂಡೇ ಅನ್ನುತ್ತಾರೆ. ನ್ಯೂಟ್ರಲ್‌ನಲ್ಲಿ ಶಾಫ್ಟ್ ತಿರುಗುವುದೇ ಇಲ್ಲ ಅಲ್ವಾ? ಗ್ಲ್ಯಾಂಡಿಗೆ ಗೊತ್ತೇ ಆಗದ ಹಾಗೆ ಎಂಜಿನ್ ಓಡಿದೆ. ಇಲ್ಲಿ ನೋಡಬೇಕಾದ್ದು ಎರಡು. ಒಂದು, ಕೂಲೆಂಟ್ ಸೋರಿಕೆ. ಹೆಚ್ಚಿನ ನ್ಯಾರೋಬೋಟ್‌ಗಳಲ್ಲಿ ಎಂಜಿನ್ ತಣಿಯುವುದು ಸ್ಕಿನ್ ಟ್ಯಾಂಕ್‌ನಿಂದ. ದೋಣಿಯ ಪಕ್ಕದ ತಗಡಿಗೆ ಒಳಗಿನಿಂದ ಬೆಸೆದ ಚಪ್ಪಟೆ ಡಬ್ಬಿ ಅದು. ಬಿಸಿ ನೀರು ಅದರಲ್ಲಿ ಸುತ್ತಿ, ಹೊರಗಿನ ಕಾಲುವೆ ನೀರಿಗೆ ಶಾಖ ಬಿಟ್ಟು ವಾಪಸು ಬರುತ್ತದೆ. ಕೂಲೆಂಟ್ ತುಂಬುವ ಹೆಡರ್ ಟ್ಯಾಂಕಿನ ಮಟ್ಟ ಇಳಿದಿದೆಯಾ, ಹೋಸ್‌ಗಳ ಕ್ಲಿಪ್ ಒದ್ದೆಯಾಗಿವೆಯಾ ನೋಡಿ. ಆ ಟ್ಯಾಂಕಿನ ಮುಚ್ಚಳ ಮಾತ್ರ ಎಂಜಿನ್ ಬಿಸಿ ಇರುವಾಗ ತೆಗೆಯಬೇಡಿ.

ಎರಡನೆಯದು ಯಾರಿಗೂ ಬೇಗ ಹೊಳೆಯುವುದಿಲ್ಲ. ಕ್ಯಾಲೊರಿಫೈಯರ್, ಅಂದರೆ ಬಿಸಿನೀರಿನ ಟ್ಯಾಂಕ್, ಎಂಜಿನ್ ಶಾಖದಿಂದಲೇ ಕಾಯುತ್ತದೆ. ನೀರು ಕಾದಾಗ ಹಿಗ್ಗುತ್ತದೆ. ಹಿಗ್ಗಿದ ನೀರಿಗೆ ಜಾಗ ಕೊಡಲು ಎಕ್ಸ್‌ಪಾನ್ಷನ್ ವೆಸಲ್ ಇಲ್ಲದಿದ್ದರೆ, ಅಥವಾ ಇದ್ದೂ ಅದರ ಗಾಳಿ ಹೋಗಿದ್ದರೆ, ಒತ್ತಡ ಇಳಿಸುವ ವಾಲ್ವ್ ತೆರೆದು ಸ್ವಲ್ಪ ನೀರು ಹೊರಗೆ ಬಿಡುತ್ತದೆ. ಕೆಲವು ದೋಣಿಗಳಲ್ಲಿ ಆ ವಾಲ್ವ್‌ನ ಪೈಪ್ ದೋಣಿಯಿಂದ ಹೊರಗೆ ಹೋಗದೆ ನೇರ ಬಿಲ್ಜ್‌ಗೆ ಬಿದ್ದಿರುತ್ತದೆ. ನನ್ನ ಪಕ್ಕದ ಮೂರಿಂಗ್‌ನ (ದೋಣಿ ಕಟ್ಟುವ ಜಾಗ) ಹಿರಿಯರೊಬ್ಬರು ಗ್ಲ್ಯಾಂಡಿನ ಪ್ಯಾಕಿಂಗ್ ಬದಲಿಸಿ ದುಡ್ಡು ಕೊಟ್ಟ ಮೇಲೂ ಎಂಜಿನ್ ಓಡಿಸಿದಾಗಲೆಲ್ಲ ನೀರು ಬರುತ್ತಲೇ ಇತ್ತು. ಆ ಪೈಪಿನ ತುದಿಗೆ ಒಂದು ಹಳೆಯ ಜ್ಯಾಮ್ ಬಾಟಲಿ ಕಟ್ಟಿ ಎಂಜಿನ್ ಓಡಿಸಿದೆವು. ನೀರು ಕಾಯುವ ಹೊತ್ತಿಗೆ ಬಾಟಲಿಯೊಳಗೆ ಬೆಚ್ಚಗಿನ, ತಿಳಿಯಾದ ನೀರು. ಗ್ಲ್ಯಾಂಡ್ ಕೆಳಗಿನ ಪೇಪರ್ ಗರಿಗರಿಯಾಗಿ ಒಣಗಿಯೇ ಇತ್ತು.

ದೋಣಿ ಚಲಿಸಿದಾಗ ಮಾತ್ರ ನೀರು ಬರುತ್ತದೆ ಅಂದರೆ ಗ್ಲ್ಯಾಂಡ್, ವೀಡ್ ಹ್ಯಾಚ್, ಚುಕ್ಕಾಣಿಯ ದಂಡ ಹಾದುಹೋಗುವ ಕೊಳವೆ, ಈ ಕ್ರಮದಲ್ಲಿ ನೋಡಿ. ಇದನ್ನು ಕಟ್ಟಿದ ದೋಣಿಯಲ್ಲಿ ಗಂಟೆಗಟ್ಟಲೆ ಗೇರ್ ಹಾಕಿ ಪರೀಕ್ಷಿಸಬೇಡಿ. ಪ್ರೊಪೆಲ್ಲರ್ ನೀರು ದಡವನ್ನು ಕೊರೆಯುತ್ತದೆ, ಅಕ್ಕಪಕ್ಕದ ದೋಣಿಗಳ ಗೂಟ ಕಿತ್ತು ಬರುತ್ತದೆ. ಒಬ್ಬರು ಚುಕ್ಕಾಣಿ ಹಿಡಿಯಲಿ, ಇನ್ನೊಬ್ಬರು ಒಳಗಿನಿಂದ ಎಂಜಿನ್ ಕಡೆ ನೋಡಲಿ, ಒಂದು ಗಂಟೆ ನಿಧಾನವಾಗಿ ಸಾಗಿ. ನಿಂತು ಎಂಜಿನ್ ಓಡಿಸುವ ಪರೀಕ್ಷೆಗಳೂ ಬೆಳಿಗ್ಗೆ 8ರಿಂದ ರಾತ್ರಿ 8ರ ಒಳಗೇ ಇರಲಿ. ಅದು ದೋಣಿಯ ಲೈಸೆನ್ಸ್‌ನ ಷರತ್ತೂ ಹೌದು.

ಸ್ಟರ್ನ್ ಗ್ಲ್ಯಾಂಡ್

ಪ್ರೊಪೆಲ್ಲರ್ ಶಾಫ್ಟ್ ದೋಣಿಯಿಂದ ಹೊರಗೆ ಹೋಗುವ ಜಾಗ ಇದು. ತಿರುಗುವ ಉಕ್ಕಿನ ಸುತ್ತ ನೀರು ಬರದ ಹಾಗೆ, ಗ್ರೀಸ್ ಅಥವಾ ಗ್ರಾಫೈಟ್ ಹಚ್ಚಿದ ಹಗ್ಗದಂಥ ಪ್ಯಾಕಿಂಗ್ ಉಂಗುರಗಳು ಒಳಗೆ ಕೂತಿರುತ್ತವೆ. ಎರಡು ನಟ್‌ಗಳು ಅವನ್ನು ಒತ್ತಿ ಹಿಡಿಯುತ್ತವೆ. ಪಕ್ಕದಲ್ಲೊಂದು ಹಿತ್ತಾಳೆಯ ಗ್ರೀಸರ್, ಮೇಲೆ ತಿರುಗಿಸುವ ಹಿಡಿ.

ಶಾಫ್ಟ್ ತಿರುಗುವಾಗ ಇದು ಆಗೊಂದು ಈಗೊಂದು ಹನಿ ಬಿಡುವುದು ಸಹಜ. ಆ ಹನಿಯೇ ಪ್ಯಾಕಿಂಗನ್ನು ತಣ್ಣಗೆ ಇಡುತ್ತದೆ. ದಿನದ ಓಟ ಮುಗಿದು ಎಂಜಿನ್ ಆಫ್ ಮಾಡಿದ ಮೇಲೆ ಗ್ರೀಸರ್ ಹಿಡಿಯನ್ನು ಕೈಗೆ ಬಿಗಿ ಸಿಗುವ ತನಕ ಒಂದೆರಡು ಸುತ್ತು ತಿರುಗಿಸಬೇಕು. ಆಗ ಹನಿ ನಿಲ್ಲಬೇಕು. ನಿಂತರೆ ಗ್ಲ್ಯಾಂಡ್ ಆರೋಗ್ಯವಾಗಿದೆ, ಅದರ ತಂಟೆಗೆ ಹೋಗಬೇಡಿ.

ನಿಲ್ಲದಿದ್ದರೆ ಮೊದಲು ನೋಡಬೇಕಾದ್ದು ನಟ್ ಅಲ್ಲ, ಗ್ರೀಸ್. ಗ್ರೀಸರ್ ಒಳಗೆ ಗ್ರೀಸ್ ಇದೆಯಾ? ಹಿಡಿ ಸರಾಗವಾಗಿ, ಬಿಗಿಯೇ ಸಿಗದೆ ಸುತ್ತುತ್ತಿದ್ದರೆ ಖಾಲಿಯಾಗಿದೆ. ತುಂಬಿಸಿದ ಮೇಲೂ ಬಿಗಿ ಸಿಗದಿದ್ದರೆ, ಗ್ರೀಸರ್‌ನಿಂದ ಗ್ಲ್ಯಾಂಡಿಗೆ ಹೋಗುವ ಸಣ್ಣ ಪೈಪನ್ನು ಬೆರಳಿನಿಂದ ಉದ್ದಕ್ಕೂ ಸವರಿ. ಎಂಜಿನ್ನಿನ ನಡುಕಕ್ಕೆ ಆ ಪೈಪಿನ ಜೋಡಣೆ ಸಡಿಲವಾಗಿ, ನೀವು ತಿರುಗಿಸಿದ ಗ್ರೀಸ್ ಎಲ್ಲ ಬಿಲ್ಜ್‌ಗೆ ಬಿದ್ದಿರುತ್ತದೆ. ಪೈಪಿನ ಕೆಳಗೆ ಸೆಗಣಿ ಬಣ್ಣದ ಗ್ರೀಸ್ ಗುಡ್ಡೆ ಕಂಡರೆ ಕಳ್ಳ ಸಿಕ್ಕ ಹಾಗೆಯೇ.

ಗ್ರೀಸ್ ಸರಿ ಇದ್ದೂ ಹನಿಯುತ್ತಿದ್ದರೆ ಮಾತ್ರ ನಟ್ ಮುಟ್ಟಿ. ಎಂಜಿನ್ ಆಫ್, ಕೀಲಿ ನಿಮ್ಮ ಜೇಬಿನಲ್ಲಿ. ಎರಡೂ ನಟ್‌ಗಳನ್ನು ಸಮವಾಗಿ, ಆರರಲ್ಲಿ ಒಂದು ಸುತ್ತಿನಷ್ಟು, ಅಂದರೆ ನಟ್‌ನ ಒಂದು ಮುಖದಷ್ಟೇ ತಿರುಗಿಸಿ. ಒಂದನ್ನು ಜಾಸ್ತಿ ಮಾಡಿದರೆ ಒತ್ತುವ ತಟ್ಟೆ ವಾರೆಯಾಗಿ ಶಾಫ್ಟಿಗೆ ಉಜ್ಜುತ್ತದೆ. ಆಮೇಲೆ ಅರ್ಧ ಗಂಟೆ ಓಡಿಸಿ, ಎಂಜಿನ್ ನಿಲ್ಲಿಸಿ, ಗ್ಲ್ಯಾಂಡಿನ ಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಇಡಲು ಆಗದಷ್ಟು ಸುಡುತ್ತಿದ್ದರೆ ಬಿಗಿ ಜಾಸ್ತಿಯಾಗಿದೆ, ಸ್ವಲ್ಪ ಸಡಿಲಿಸಿ. ನಟ್ ಓಡಲು ಎಳೆಯೇ ಉಳಿದಿಲ್ಲ ಅಂದರೆ ಪ್ಯಾಕಿಂಗ್ ಸವೆದು ಮುಗಿದಿದೆ. ಹೊಸದು ಹಾಕುವಾಗ ಉಂಗುರಗಳ ಕೂಡುಗಳು ಒಂದರ ಮೇಲೊಂದು ಬರಬಾರದು. ದೋಣಿ ನೀರಿನಲ್ಲಿರುವಾಗಲೇ ಈ ಕೆಲಸ ಮಾಡುವವರು ಇದ್ದಾರೆ, ಆದರೆ ಮೊದಲ ಸಲ ಗೊತ್ತಿರುವ ಎಂಜಿನಿಯರ್ ಪಕ್ಕದಲ್ಲಿರಲಿ.

ಹೊಸ ಪ್ಯಾಕಿಂಗ್ ಕೂಡ ಬೇಗ ಬೇಗ ಸವೆಯುತ್ತಿದೆಯಾ? ಹಾಗಾದರೆ ರೋಗ ಬೇರೆ ಕಡೆ ಇದೆ. ಸುರಕ್ಷಿತ ದೂರದಿಂದ ಶಾಫ್ಟ್ ತಿರುಗುವುದನ್ನು ನೋಡಿ. ಅದು ತೂರಾಡಿದರೆ ಎಂಜಿನ್ ಮೌಂಟ್‌ನ ನಟ್ ಸಡಿಲಾಗಿರಬಹುದು, ಎಂಜಿನ್ ಮತ್ತು ಶಾಫ್ಟ್ ಒಂದೇ ಗೆರೆಯಲ್ಲಿ ಇಲ್ಲದಿರಬಹುದು. ತಿರುಗುವ ಶಾಫ್ಟಿನ ಹತ್ತಿರ ಸ್ಕಾರ್ಫ್, ದುಪಟ್ಟಾ, ಉದ್ದ ತೋಳು, ಬಿಚ್ಚಿದ ಕೂದಲು ಯಾವುದೂ ಬೇಡ.

ಕೆಲವು ದೋಣಿಗಳಲ್ಲಿ ಪ್ಯಾಕಿಂಗ್ ಬದಲು ರಬ್ಬರ್ ಸೀಲ್ ಇರುತ್ತದೆ. ಅದು ಹನಿಯಲೇಬಾರದು. ಹನಿಯುತ್ತಿದ್ದರೆ ಬಿಗಿ ಮಾಡಲು ಅಲ್ಲಿ ಏನೂ ಇಲ್ಲ, ಸೀಲ್ ಬದಲಿಸಬೇಕು ಅಷ್ಟೇ.

ವೀಡ್ ಹ್ಯಾಚ್

ಗ್ಲ್ಯಾಂಡ್ ಹನಿ ಹನಿಯಾಗಿ ತೊಂದರೆ ಕೊಡುತ್ತದೆ. ವೀಡ್ ಹ್ಯಾಚ್ ಕೈ ಕೊಟ್ಟರೆ ದೋಣಿಯೇ ಹೋಗುತ್ತದೆ. ಪ್ರೊಪೆಲ್ಲರ್‌ನ ನೇರ ಮೇಲೆ, ದೋಣಿಯ ತಳದಿಂದ ಮೇಲೆದ್ದ ಚೌಕದ ಉಕ್ಕಿನ ಪೆಟ್ಟಿಗೆ ಇದು. ಮುಚ್ಚಳ ತೆಗೆದು ಕೈ ಇಳಿಸಿ ಪ್ರೊಪೆಲ್ಲರ್‌ಗೆ ಸುತ್ತಿದ ಬಳ್ಳಿ, ಪ್ಲಾಸ್ಟಿಕ್ ಚೀಲ, ಹಗ್ಗ, ಬಟ್ಟೆ ಬಿಡಿಸಲು ಮಾಡಿದ್ದು. ಬರ್ಮಿಂಗ್‌ಹ್ಯಾಮ್‌ನಂಥ ಊರಿನ ನಡುವೆ ಸಾಗುವಾಗ ಇದನ್ನು ತೆಗೆಯುವ ಕೆಲಸ ಪದೇ ಪದೇ ಬರುತ್ತದೆ. ಪ್ರತಿ ಸಲ ತೆಗೆದಾಗಲೂ ಮುಚ್ಚಳ ತಪ್ಪಾಗಿ ಕೂರುವ ಸಾಧ್ಯತೆ ಇದೆ.

ಇದರ ಸೋರಿಕೆ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಪೆಟ್ಟಿಗೆಯ ಬಾಯಿ ನಿಂತ ನೀರಿನ ಮಟ್ಟಕ್ಕಿಂತ ಮೇಲಿರುತ್ತದೆ. ಹಾಗಾಗಿ ದೋಣಿ ನಿಂತಾಗ ಮುಚ್ಚಳ ಸಡಿಲವಿದ್ದರೂ ಒಂದು ಹನಿ ಬರುವುದಿಲ್ಲ. ಪ್ರೊಪೆಲ್ಲರ್ ಜೋರಾಗಿ ತಿರುಗಿದಾಗ, ಅದರಲ್ಲೂ ರಿವರ್ಸ್ ಹಾಕಿದಾಗ, ನೀರು ಪೆಟ್ಟಿಗೆಯೊಳಗೆ ಉಕ್ಕಿ ಮುಚ್ಚಳವನ್ನು ಕೆಳಗಿನಿಂದ ಒದೆಯುತ್ತದೆ. ಆಗ ಬರುವುದು ಹನಿಯಲ್ಲ, ಧಾರೆ. ನೀರು ಏರುತ್ತಿದ್ದರೆ ಮೊದಲು ನ್ಯೂಟ್ರಲ್ ಮಾಡಿ ಅಂದದ್ದು ಇದಕ್ಕೇ.

ಮುಚ್ಚಳ ಮುಚ್ಚುವ ಮುಂಚೆ ರಬ್ಬರ್ ಸೀಲ್ ಮೇಲೆ ಬೆರಳಾಡಿಸಿ. ಒಂದು ಮರಳ ಕಣ, ಒಂದು ಬಳ್ಳಿ ಎಳೆ ಅಂಟಿಕೊಂಡಿದ್ದರೂ ಒರೆಸಿ ತೆಗೆಯಿರಿ. ಸೀಲ್ ಗಟ್ಟಿಯಾಗಿ, ಒತ್ತಿದ ಗುರುತು ವಾಪಸು ಏಳದೆ ಉಳಿದಿದ್ದರೆ ಅದರ ಆಯಸ್ಸು ಮುಗಿದಿದೆ. ಮುಚ್ಚಳ ಬಂದ ದಿಕ್ಕಿನಲ್ಲೇ ವಾಪಸು ಕೂರಿಸಿ, ಅಡ್ಡಪಟ್ಟಿ ತನ್ನ ಕೊಕ್ಕೆಗಳೊಳಗೆ ಸರಿಯಾಗಿ ಸಿಕ್ಕಿದೆ ಅಂತ ಎರಡೂ ಕಡೆ ನೋಡಿ, ಬಿಗಿ ಮಾಡಿ. ಆಮೇಲೆ ಮುಚ್ಚಳದ ಸುತ್ತ ಒಣ ಕಿಚನ್ ಪೇಪರ್ ಇಟ್ಟು, ಹಗ್ಗ ಭದ್ರವಾಗಿ ಕಟ್ಟಿ, ಮುಂದಕ್ಕೆ ಒಂದರ್ಧ ನಿಮಿಷ, ಹಿಂದಕ್ಕೆ ಒಂದರ್ಧ ನಿಮಿಷ ಜೋರು ಕೊಟ್ಟು ನೋಡಿ. ಪೇಪರ್ ಒಣಗಿದ್ದರೆ ಮಾತ್ರ ಹೊರಡಿ. ಎಷ್ಟೇ ಅವಸರ ಇರಲಿ, ಹಿಂದೆ ಇನ್ನೊಂದು ದೋಣಿ ಕಾಯುತ್ತಿರಲಿ, ಇದನ್ನು ಬಿಡಬಾರದು.

ಮುಚ್ಚಳ ಒಳ್ಳೆಯದಿದ್ದೂ ಹತ್ತಿರದಲ್ಲಿ ಒದ್ದೆ ಕಂಡರೆ ಪೆಟ್ಟಿಗೆಯ ಬೆಸುಗೆಗಳನ್ನು ನೋಡಿ. ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತು ಬಿದ್ದಿರಬಹುದು.

ಮಳೆ, ಲಾಕ್, ಮತ್ತು ದೋಣಿ ವಾಲುವ ಬಗೆ

ಹಿಂಭಾಗ ತೆರೆದ ಕ್ರೂಸರ್ ಸ್ಟರ್ನ್ ದೋಣಿಗಳಲ್ಲಿ ಹಲಗೆಗಳ ಅಂಚಿನ ಕೆಳಗೆ ಮಳೆನೀರು ಹೊರಗೆ ಸಾಗಿಸುವ ಕಾಲುವೆಪಟ್ಟಿ ಇರುತ್ತದೆ. ಶರತ್ಕಾಲದ ಎಲೆಗಳು ಅದರ ಬಾಯಿ ಕಟ್ಟಿದರೆ ಮಳೆಯೆಲ್ಲ ಎಂಜಿನ್ ಮೇಲೆ. ಒಣ ದಿನ ಒಂದು ಬಕೆಟ್ ನೀರಿಗೆ ಅಡುಗೆ ಬಣ್ಣ ಬೆರೆಸಿ ಹಲಗೆ ಮೇಲೆ ನಿಧಾನ ಸುರಿಯಿರಿ. ಕೆಳಗಿನ ಪೇಪರ್ ಮೇಲೆ ಬಣ್ಣ ಬಂದರೆ ಉತ್ತರ ಸಿಕ್ಕಿತು.

ಲಾಕ್‌ಗಳ ಸಾಲು ದಾಟಿದ ದಿನ ನೀರು ಕಂಡರೆ ಗ್ಲ್ಯಾಂಡ್ ಮೇಲೆ ಅನುಮಾನ ಪಡುವ ಮುಂಚೆ ಆ ದಿನ ನೆನಪು ಮಾಡಿಕೊಳ್ಳಿ. ಇಂಥ ಸಾಲುಗಳು ಉದ್ದ: ಡಿವೈಸಸ್ ಊರಿನ ಹತ್ತಿರದ ಕೇನ್ ಹಿಲ್‌ನಲ್ಲಿ 29 ಲಾಕ್, ಹ್ಯಾಟನ್‌ನಲ್ಲಿ 21. ಕೆಳಗೆ ಇಳಿಯುವಾಗ ಮೇಲಿನ ಗೇಟ್ ಸೋರುತ್ತಿದ್ದರೆ ಆ ನೀರು ನೇರ ದೋಣಿಯ ಹಿಂಭಾಗಕ್ಕೆ ಬೀಳುತ್ತದೆ. ಮೇಲೆ ಹತ್ತುವಾಗ ಗೇಟ್ ಪ್ಯಾಡಲನ್ನು (ಗೇಟಿನಲ್ಲಿ ನೀರು ಬಿಡುವ ಚಿಕ್ಕ ಬಾಗಿಲು) ಅವಸರದಲ್ಲಿ ಪೂರ್ತಿ ಎತ್ತಿದರೆ ಮುಂಭಾಗದ ತಗ್ಗು ಡೆಕ್‌ಗೆ ನೀರು ಚಿಮ್ಮುತ್ತದೆ. ಆ ಡೆಕ್‌ನ ನೀರು ಹೋಗುವ ತೂತುಗಳು ಕಟ್ಟಿಕೊಂಡಿದ್ದರೆ ಬಾಗಿಲ ಹೊಸ್ತಿಲು ದಾಟಿ ಕ್ಯಾಬಿನ್ ಬಿಲ್ಜ್ ಸೇರುತ್ತದೆ.

ಕೆಲವು ಸೋರಿಕೆಗಳು ವಾರಕ್ಕೊಮ್ಮೆ ಬಂದು ಮಾಯವಾಗುತ್ತವೆ, ತಲೆ ಕೆಡಿಸುತ್ತವೆ. ಅಂಥ ಕಡೆ ನೀರಿನ ಟ್ಯಾಂಕ್ ನೆನಪಿಡಿ. ಅದು ಸಾಮಾನ್ಯವಾಗಿ ಮುಂಭಾಗದಲ್ಲಿರುತ್ತದೆ. 500 ಲೀಟರ್ ಅಂದರೆ ಅರ್ಧ ಟನ್. ಅದು ಖಾಲಿಯಾಗುತ್ತಾ ಬಂದ ಹಾಗೆ ಮೂತಿ ಮೇಲೇಳುತ್ತದೆ, ಹಿಂಭಾಗ ಇಳಿಯುತ್ತದೆ. ಡೀಸೆಲ್ ತುಂಬಿಸಿ, ನಾಲ್ಕು ಜನ ನೆಂಟರು ಹಿಂದೆ ನಿಂತು ಮಾತಾಡುತ್ತಿದ್ದರೆ ಇನ್ನೂ ಕೆಳಗೆ. ಆಗ ಸಾಮಾನ್ಯವಾಗಿ ನೀರಿನ ಮೇಲಿರುವ ಎಗ್ಸಾಸ್ಟ್ ಬಾಯಿ, ಸಿಂಕಿನ ಕೊಳವೆ, ಚುಕ್ಕಾಣಿ ಕೊಳವೆಯ ಮೇಲ್ತುದಿ ನೀರಿಗೆ ಹತ್ತಿರವಾಗುತ್ತವೆ ಅಥವಾ ಮುಳುಗುತ್ತವೆ. ಸಡಿಲ ಕ್ಲಿಪ್ ಇದ್ದರೆ ಆವತ್ತು ಮಾತ್ರ ಸೋರುತ್ತದೆ. ಪುಸ್ತಕದಲ್ಲಿ ಟ್ಯಾಂಕಿನ ಮಟ್ಟ ಬರೆದಿದ್ದರೆ ಇದು ತಾನಾಗಿ ಎದ್ದು ಕಾಣುತ್ತದೆ.

ಕ್ಯಾಬಿನ್ ಕೆಳಗಿನ ನೀರು

ಹೆಂಚಿನ ಮನೆ ಸೋರುವಾಗ ಹನಿ ಬೀಳುವ ಜಾಗವೇ ಬೇರೆ, ಹೆಂಚು ಸರಿದ ಜಾಗವೇ ಬೇರೆ ಇರುತ್ತದಲ್ಲ, ಇದೂ ಹಾಗೇ. ನೀರು ಹಿಂತುದಿಯಲ್ಲಿ ಸಿಕ್ಕಿತು ಅಂದ ಮಾತ್ರಕ್ಕೆ ಅಲ್ಲೇ ಸೋರುತ್ತಿಲ್ಲ. 50, 60 ಅಡಿ ಮುಂದಿನ ಟ್ಯಾಂಕಿನಿಂದ ಹರಿದು ಬಂದಿರಬಹುದು.

ಮೊದಲು ನೀರಿನ ಪಂಪ್ ಕಿವಿಗೊಟ್ಟು ಕೇಳಿ. ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಪಂಪ್ ಆನ್ ಇಟ್ಟು ಮಲಗಿ. ಯಾರೂ ನಲ್ಲಿ ಮುಟ್ಟದೆ ಪಂಪ್ ಆಗಾಗ ‘ಟರ್ರ್’ ಅಂತ ಒಂದು ಕ್ಷಣ ಓಡಿ ನಿಂತರೆ, ಒತ್ತಡ ಎಲ್ಲೋ ಇಳಿಯುತ್ತಿದೆ. ಜೋಡಣೆ ಸೋರುತ್ತಿರಬಹುದು. ಪಂಪಿನ ಒಳಗಿನ ಒನ್‌ವೇ ವಾಲ್ವ್ ಹಾಳಾಗಿ ನೀರು ಟ್ಯಾಂಕಿಗೇ ವಾಪಸು ಹೋಗುತ್ತಿರಲೂಬಹುದು. ಆಗ ಎಲ್ಲೂ ಒದ್ದೆಯೇ ಇರುವುದಿಲ್ಲ. ಅದಕ್ಕೇ ಪಂಪಿನ ಸದ್ದಿನ ಜೊತೆಗೆ ಪೇಪರ್ ಸಾಕ್ಷಿಯೂ ಬೇಕು. ಸಿಂಕ್ ಕೆಳಗೆ, ಕ್ಯಾಲೊರಿಫೈಯರ್ ಹಿಂದೆ, ವಾಷಿಂಗ್ ಮಷಿನ್ ಪೈಪಿನ ಹತ್ತಿರ, ಶವರ್ ಮಿಕ್ಸರ್ ಹಿಂದಿನ ಹಲಗೆ ತೆಗೆದು ನೋಡಿ. ಚಳಿಗಾಲದಲ್ಲಿ ನೀರು ಬಸಿಯದೆ ಬಿಟ್ಟು ಹೋದ ದೋಣಿಯಾದರೆ ಮಿಕ್ಸರ್ ಒಳಗೆ ಹಿಮಗಟ್ಟಿ ಒಡೆದಿರುವ ಸಾಧ್ಯತೆ ಜಾಸ್ತಿ. ಪಂಪ್ ಆಫ್ ಮಾಡಿದರೂ ನೀರು ಬರುತ್ತಿದ್ದರೆ ಟ್ಯಾಂಕ್, ಶವರ್ ಟ್ರೇ, ಅದರ ಕೆಳಗಿನ ಪಂಪ್ ನೋಡಿ. ಟ್ರೇಗೆ ಬಣ್ಣದ ನೀರು ಬಿಟ್ಟರೆ ಗೊತ್ತಾಗುತ್ತದೆ.

ಒಂದು ಜಾಡು ಅಂತ ಇಲ್ಲದೆ ಎಲ್ಲ ಕಡೆ ಸಮವಾಗಿ ಒದ್ದೆ, ಚಳಿಗಾಲದ ಬೆಳಿಗ್ಗೆ ಜಾಸ್ತಿ, ಕಿಟಕಿ ಚೌಕಟ್ಟಿನಲ್ಲೂ ಹನಿ ಇದ್ದರೆ ಅದು ಉಸಿರು, ಅಡುಗೆ, ಸ್ನಾನದ ಆವಿ ತಣ್ಣನೆ ಉಕ್ಕಿಗೆ ತಾಗಿ ಆದ ನೀರು. ಅನ್ನ ಬೇಯಿಸುವಾಗ ಮುಚ್ಚಳ ಹಾಕಿ, ಕಿಟಕಿ ಸ್ವಲ್ಪ ತೆರೆಯಿರಿ. ಗಾಳಿ ಕಿಂಡಿಗಳನ್ನು ಮಾತ್ರ ಚಳಿ ಅಂತ ಯಾವತ್ತೂ ಮುಚ್ಚಬೇಡಿ. ಒಲೆ ಉರಿಯುವ ದೋಣಿಯಲ್ಲಿ ಅದು ಕಾರ್ಬನ್ ಮಾನಾಕ್ಸೈಡ್‌ಗೆ ದಾರಿ ಮಾಡಿಕೊಡುತ್ತದೆ, ಜೀವಕ್ಕೇ ಅಪಾಯ.

ಸೋರಿಕೆ ಸರಿ ಮಾಡಿದ ಮರುದಿನವೂ ನೀರು ಕಂಡರೆ ಎದೆಗುಂದಬೇಡಿ. ನೆಲದ ಕೆಳಗೆ ಭಾರಕ್ಕೆ ಇಟ್ಟ ಇಟ್ಟಿಗೆ, ಕಲ್ಲುಚಪ್ಪಡಿಗಳ ಸಂದಿಯಲ್ಲಿ ನಿಂತ ನೀರು ವಾರಗಟ್ಟಲೆ ಹಿಂದಕ್ಕೆ ಇಳಿಯುತ್ತಲೇ ಇರುತ್ತದೆ. ದಿನ ದಿನ ಕಡಿಮೆಯಾಗುತ್ತಿದೆಯಾ ಅನ್ನುವುದೇ ಲೆಕ್ಕ.

ಉಕ್ಕಿನ ತಗಡೇ ಸವೆದಿದ್ದರೆ

ಎಲ್ಲ ನೋಡಿದ ಮೇಲೂ ಕಾಲುವೆ ನೀರು ಬರುತ್ತಲೇ ಇದೆ, ಒಳಗಿನ ತಗಡಿನ ಮೇಲೆ ಒಂದು ಚುಕ್ಕೆಯ ಸುತ್ತ ಕಿತ್ತಳೆ ಬಣ್ಣದ ತುಕ್ಕಿನ ಉಂಗುರ, ಒರೆಸಿದರೂ ಮತ್ತೆ ಒದ್ದೆ. ಇಲ್ಲಿ ಕೈ ತಡೆಯಿರಿ. ಸ್ಕ್ರೂಡ್ರೈವರ್‌ನಿಂದ ಚುಚ್ಚಿ, ತುಕ್ಕು ಕೆರೆದು ನೋಡಬೇಡಿ. ಎಷ್ಟೋ ಸಲ ನೀರನ್ನು ತಡೆದು ನಿಲ್ಲಿಸಿರುವುದು ಆ ತುಕ್ಕೇ. ಒಂದು ರಬ್ಬರ್ ತುಂಡು, ಅದರ ಮೇಲೆ ಪ್ಲೈವುಡ್, ಅದನ್ನು ಒತ್ತಿ ಹಿಡಿಯಲು ಒಂದು ಮರದ ಕೋಲು ಅಡ್ಡ ಕೊಟ್ಟು, ಹತ್ತಿರದ ಬೋಟ್‌ಯಾರ್ಡ್‌ಗೆ ಫೋನ್ ಮಾಡಿ ದೋಣಿ ಮೇಲೆತ್ತಿಸಿ.

ಮೇಲೆತ್ತಿದಾಗ ಬರೀ ಆ ತೂತು ಬೆಸೆಸಿ ಇಳಿಸಬೇಡಿ. ಸರ್ವೇಯರ್‌ರಿಂದ ಅಲ್ಟ್ರಾಸಾನಿಕ್ ಯಂತ್ರದಲ್ಲಿ ತಳ, ಪಕ್ಕ ಎರಡರ ದಪ್ಪ ಅಳೆಸಿ. 4 ಮಿ.ಮೀ.ಗಿಂತ ತೆಳುವಾದರೆ ವಿಮೆ ಕಂಪನಿಗಳು ಸಾಮಾನ್ಯವಾಗಿ ತಕರಾರು ತೆಗೆಯುತ್ತವೆ. ಉಕ್ಕಿನ ಬದಲು ತಾವು ಸವೆಯಲೆಂದು ತಗಡಿಗೆ ಬೆಸೆದ ಮೆಗ್ನೀಸಿಯಂ ಆನೋಡ್‌ಗಳು ಎಷ್ಟು ಉಳಿದಿವೆ ನೋಡಿ, ಸಿಹಿನೀರಿಗೆ ಅದೇ ಲೋಹ ಬೇಕು. ಮೂರಿಂಗ್‌ನಲ್ಲಿ ಶೋರ್‌ಲೈನ್, ಅಂದರೆ ದಡದಿಂದ ಬರುವ ಕರೆಂಟ್ ಹಾಕಿಕೊಂಡೇ ಇರುವವರು ಗ್ಯಾಲ್ವನಿಕ್ ಐಸೊಲೇಟರ್ ಇದೆಯಾ ಅಂತ ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷಿಸಿಕೊಳ್ಳಿ. ಅದಿಲ್ಲದಿದ್ದರೆ ಅರ್ತ್ ತಂತಿಯ ಮೂಲಕ ಅಕ್ಕಪಕ್ಕದ ದೋಣಿಗಳ ಜೊತೆ ನಿಮ್ಮ ದೋಣಿಯೂ ಸೇರಿ ಒಂದು ಬ್ಯಾಟರಿಯಂತಾಗುತ್ತದೆ, ನಿಮ್ಮ ತಗಡು ಮೊದಲು ಕರಗಬಹುದು. ತಳಕ್ಕೆ ಬಿಟುಮೆನ್ ಕಪ್ಪು ಬಳಿಯುವುದನ್ನು ಎರಡು ಮೂರು ವರ್ಷಕ್ಕೊಮ್ಮೆ ಮಾಡಿಸಿ. ದೋಣಿ ವಾಪಸು ನೀರಿಗೆ ಇಳಿದ ತಕ್ಷಣ ಕ್ರೇನಿನ ಜೋಲಿ ಬಿಚ್ಚಲು ಬಿಡಬೇಡಿ. ಒಳಗೆ ಹೋಗಿ, ಎರಡೂ ಬಿಲ್ಜ್ ಮುಚ್ಚಳ ಎತ್ತಿ, ಬೆಸುಗೆ ಹಾಕಿದ ಜಾಗಕ್ಕೆ, ಗ್ಲ್ಯಾಂಡಿನ ಕೆಳಕ್ಕೆ ಒಣ ಪೇಪರ್ ಒತ್ತಿ ನೋಡಿ. ಒಣಗಿದೆ ಅಂತ ಖಾತ್ರಿಯಾದ ಮೇಲೆ ಕ್ರೇನಿನವರಿಗೆ ಕೈ ಎತ್ತಿ ತೋರಿಸಿ.